ಒಕ್ಕಲವ್ವನ ಗುಡ್ಡ

ಕಲ್ಲಗನೂರಿನ ಮೂಡಣಕ್ಕೆ, ಎರೆಹೊಲಗಳ ನಡುವೆ, ಹುಲ್ಲುಕಡ್ಡಿಯೂ ಏಳದ ಬೋಳು ಕಲ್ಲುಗುಡ್ಡವೊಂದಿದೆ. ನೆತ್ತಿಯ ಮೇಲೆ ಮಸಿ ಹಿಡಿದ ಮೂರು ಕಲ್ಲಿನ ಒಲೆ. ಇದನ್ನು ಒಕ್ಕಲವ್ವನ ಗುಡ್ಡ ಎನ್ನುತ್ತಾರೆ. ಇಂಗ್ಲಿಷಿನ ‘ಟೆನೆಂಟ್’ ಪದಕ್ಕೆ ಮೂಲದಲ್ಲಿ ‘ಹಿಡಿದುಕೊಂಡವನು’ ಎಂಬ ಅರ್ಥವಂತೆ. ಈ ಊರಿನ ಒಕ್ಕಲಿಗೂ ಅದೇ ಅರ್ಥ ಸಲ್ಲುತ್ತದೆ, ಆದರೆ ಇಲ್ಲಿ ಹಿಡಿದುಕೊಳ್ಳಬೇಕಾದದ್ದು ಬೆಂಕಿಯನ್ನು. ದೇಸಗತಿಯ ಕಾಲದಲ್ಲಿ, ಮನೆಯ ಒಲೆಯಲ್ಲಿ ಕೆಂಡವಿರುವ ತನಕ ಹೊಲ ಒಕ್ಕಲಿನದು, ಕೆಂಡ ಆರಿದರೆ ದೇಸಾಯಿಯದು ಎಂಬ ಕಟ್ಟಳೆಯಿತ್ತು.

ಹಿಂದೆ ಒಮ್ಮೆ ಸಂಕವ್ವ ಎಂಬ ವಿಧವೆ ಈ ಗುಡ್ಡದ ಬುಡದ ಹೊಲವನ್ನು ಉಳುತ್ತಿದ್ದಳು. ಬಾವಿಯಿದ್ದ ಆ ಹೊಲದ ಮೇಲೆ ದೇಸಾಯಿಗೆ ಬಹಳ ದಿನದಿಂದ ಕಣ್ಣು. ಹಾಗಿರುವಾಗ ಅವಳ ಒಬ್ಬನೇ ಮಗ ಜ್ವರ ಬಂದು ತೀರಿಕೊಂಡ. ಸಾವಾದ ಮನೆಯಲ್ಲಿ ಒಲೆ ಉರಿಯಬಾರದು, ಅದು ಊರ ರೂಢಿ. ಉರಿಯದಿದ್ದರೆ ಹೊಲ ಹೋಗುತ್ತದೆ. ಮಗನ ತಲೆ ತೊಡೆಯ ಮೇಲಿರುವಾಗಲೇ ಅವಳು ಎಡಗೈಯಿಂದ ಒಲೆಗೆ ಸಗಣಿಯ ಕುಳ್ಳು ಒಟ್ಟುತ್ತಿದ್ದಳು. ಹೊಟ್ಟೆಯಲ್ಲಿ ಬೆಂಕಿ ಬಿದ್ದವಳಿಗೆ ಅಳಲಿಕ್ಕೂ ಪುರಸೊತ್ತಿರಲಿಲ್ಲ.

“ಒಲಿ ಉರಿಯೂ ತನಕಾ ನಾವು ಹೆಣ ಮುಟ್ಟಂಗಿಲ್ಲವ್ವಾ” ಎಂದರು ಹೊರಗೆ ನಿಂತ ಹಿರಿಯರು.

ಆಗ ಅವಳಿಗೆ ಒಂದು ದಾರಿ ಹೊಳೆಯಿತು. ಬೆಂಕಿ ಮನೆಯಲ್ಲಿರಬಾರದು ತಾನೆ? ಕೆಂಡವನ್ನು ಒಡೆದ ಮಡಕೆಯ ಬೋಕಿಯಲ್ಲಿ ತುಂಬಿ ಗುಡ್ಡ ಹತ್ತಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದಳು. ರೂಢಿಯೂ ಉಳಿಯಿತು, ಕಟ್ಟಳೆಯೂ ಉಳಿಯಿತು ಎಂದುಕೊಂಡಳು ಪಾಪದವಳು. ಜನ ಒಳಗೆ ಬಂದರು, ಹುಡುಗನನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು.

ಸೂತಕ ಕಳೆದ ಮೇಲೆ ದೇಸಾಯಿ ಕುದುರೆಯೇರಿ ಬಂದ. ಆರಿದ ಮನೆಯೊಲೆಯನ್ನು ಬೆತ್ತದಿಂದ ಕೆದಕಿ ನೋಡಿ, “ಸಂಕವ್ವಾ, ಒಲಿ ಎಲ್ಲೈತೋ ಅಲ್ಲೇ ನಿನ್ನ ಒಕ್ಕಲ್ತನ. ಗುಡ್ಡ ನಿನಗಿರಲಿ, ಹೊಲ ನನಗ ಬರಲಿ” ಎಂದ.

“ಕಲ್ಲಿನ ಮ್ಯಾಲ ಏನ ಬಿತ್ತಲಿ, ಯಪ್ಪಾ?”

“ಅದು ಒಕ್ಕಲದವರ ಪಾಡು.”

ಅಂದು ಒಲೆ ಆರಬೇಕೆಂದಿದ್ದ ಹಿರಿಯರು ಒಬ್ಬೊಬ್ಬರಾಗಿ ತಮ್ಮ ಮನೆಗೆ ನಡೆದರು. ಇಂಥ ಹಿರಿತನಕ್ಕಿಷ್ಟು ಬೆಂಕಿ ಹಾಕಬೇಕು. ಮರುದಿನವೇ ದೇಸಾಯಿಯ ಎತ್ತುಗಳು ಹೊಲಕ್ಕಿಳಿದವು, ಮೂಲೆಯನ್ನೂ ಬಿಡದೆ ಕುಂಟೆ ಹೊಡೆದವು. ಸಂಕವ್ವ ತಡೆಯಲು ಹೋಗಲಿಲ್ಲ. ಗುಡ್ಡದ ಮೇಲೆಯೇ ಉಳಿದಳು, ಅಲ್ಲಿಯೇ ಸತ್ತಳು.

ಗುಡ್ಡ ಹತ್ತಿದವರು ಒಲೆಯ ಪಕ್ಕದ ಕಲ್ಲುಗುಳಿಯಲ್ಲಿ ಒಂದಿಷ್ಟು ಎರೆಮಣ್ಣನ್ನು ಈಗಲೂ ಕಾಣಬಹುದು. ಮಗನನ್ನು ಹೂಳಿದ ಮೂಲೆಯಿಂದ ಸೆರಗಿನಲ್ಲಿ ಕಟ್ಟಿ ಅವಳು ಹೊತ್ತು ತಂದದ್ದು ಎನ್ನುತ್ತಾರೆ. ಮಕ್ಕಳನ್ನು ಕರೆತಂದ ತಾಯಂದಿರು ಅದನ್ನು ತುಳಿಯಗೊಡುವುದಿಲ್ಲ.