ತೂತು ಓದಲು ಲಿಯೋನಿಗೆ ಹೋದವನು

"ಗುರುಗಳೇ, ಬೇಸಿಗೆಯಲ್ಲಿ ಆರು ದಿನ ರಜೆ ಸಿಕ್ಕಿದೆ. ಫ್ರಾನ್ಸಿಗೆ ಹೋಗಬೇಕೆಂದಿದ್ದೇನೆ. ಅಲ್ಲಿ ಯಾವ ಸೀಮೆಗೆ ಹೋದರೆ ಆರು ದಿನ ಸಾರ್ಥಕವಾದೀತು?" ಎಂದು ಚನ್ನವೀರ ಕೇಳಿದ. ಅವನ ಕೈಯಲ್ಲಿ ನಾಲ್ಕು ಪ್ರವಾಸದ ಪುಸ್ತಿಕೆಗಳಿದ್ದವು. ನಾಲ್ಕರಲ್ಲೂ ಆಕಾಶ ಒಂದೇ ನೀಲಿ.

ಗುರು ಸಮುದ್ರ ದಾಟಿದವರಲ್ಲ. ಆದರೆ ಕಾಣದ್ದರ ಬಗ್ಗೆ ಮಾತನಾಡುವುದು ಅವರ ವೃತ್ತಿಯೇ ಆಗಿತ್ತು. ಅವರು ಹೇಳಿದರು:

ಒಂದು ನೇಕಾರರ ಊರು. ಅಲ್ಲಿ ಸೀರೆಯ ಸೆರಗಿನ ಹೂಬಳ್ಳಿಯನ್ನು ಮೂಡಿಸುವುದು ಮಗ್ಗದ ಮೇಲೆ ಕೂರಿಸಿದ ಜಕಾರ್ಡ್ ಪೆಟ್ಟಿಗೆ. ಪೆಟ್ಟಿಗೆಗೆ ಸ್ವಂತ ಬುದ್ಧಿಯಿಲ್ಲ. ಸಾಲಾಗಿ ಹೊಲಿದ ರಟ್ಟಿನ ಪಟ್ಟಿಗಳನ್ನು ಅದಕ್ಕೆ ಉಣಿಸಬೇಕು. ಪಟ್ಟಿಯಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಆ ತೂತು ಹೊಡೆಯುವವನೊಬ್ಬ ಅಲ್ಲಿದ್ದ. ಮೂವತ್ತು ವರ್ಷ ಅದನ್ನೇ ಮಾಡಿದ್ದ.

ನೇಕಾರರ ಸೊಸೈಟಿಗೆ ಐವತ್ತು ತುಂಬಿದಾಗ ಚೀಟಿ ಎತ್ತಿದರು. ಬಹುಮಾನ, ಗಂಡ ಹೆಂಡತಿಗೆ ಫ್ರಾನ್ಸಿನಲ್ಲಿ ಆರು ದಿನ. ಅವನ ಹೆಸರು ಬಂತು. ಅರ್ಜಿಯಲ್ಲಿ ಒಂದೇ ಸೀಮೆಯ ಹೆಸರು ಬರೆಯಬೇಕು. ಇನ್ನೊಮ್ಮೆ ಹೋಗುವ ಯೋಗ ತನಗಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಊರಿಗೆ ಊರೇ ಸಲಹೆ ಕೊಟ್ಟಿತು. ವಕೀಲ ದಕ್ಷಿಣದ ಕರಾವಳಿ ಎಂದ. ಡಾಕ್ಟರು ಆಲ್ಪ್ಸ್ ಬೆಟ್ಟ ಎಂದರು. ಜವಳಿ ವ್ಯಾಪಾರಿ ಪ್ರೊವಾನ್ಸ್ ಸೀಮೆಗೆ ಹೋಗಿ ಬಂದವನು. ನೇರಳೆ ಹೂವಿನ ಹೊಲದಲ್ಲಿ ನಿಂತ ತನ್ನ ಫೋಟೋ ತೋರಿಸಿದ. ಅದರಲ್ಲಿ ವ್ಯಾಪಾರಿ ಹೆಚ್ಚು, ಹೊಲ ಕಡಿಮೆ.

ತೂತು ಹೊಡೆಯುವವನು ಲಿಯೋನ್ ಎಂದು ಬರೆದ. ಜಕಾರ್ಡ್ ಪೆಟ್ಟಿಗೆ ಹುಟ್ಟಿದ್ದು ಅಲ್ಲಿ.

ವ್ಯಾಪಾರಿ ನಕ್ಕ. "ಅಲ್ಲೋ ಮಾರಾಯ, ಮನೆಯಲ್ಲಿ ಮಗ್ಗ, ಓಣಿಯಲ್ಲಿ ಮಗ್ಗ. ವಿಮಾನ ಹತ್ತಿ ಹೋಗಿ ಮತ್ತೆ ಮಗ್ಗ ನೋಡ್ತೀಯಾ? ಸಮುದ್ರ ಯಾರು ನೋಡಬೇಕು?"

ಉತ್ತರ ಕೊಟ್ಟವಳು ಹೆಂಡತಿ. "ಸಮುದ್ರ ಕಾರವಾರದಲ್ಲೇ ಇದೆಯಲ್ಲ ಸಾವಕಾರ್ರೇ, ಬಸ್ಸಿದೆ. ಇನ್ನು ಹೂವಿನ ಮಧ್ಯೆ ನಿಲ್ಲೋದಕ್ಕೆ ನಮ್ಮೂರ ಸೇವಂತಿಗೆ ಹೊಲ ಏನು ತಪ್ಪು ಮಾಡಿದೆ?"

ಲಿಯೋನಿನಲ್ಲಿ ಹಳೆಯ ಮಗ್ಗಗಳನ್ನು ಕಾಪಾಡಿಟ್ಟ ಒಂದು ಮನೆಯಿತ್ತು. ಗೋಡೆಗೆ ರಟ್ಟಿನ ಪಟ್ಟಿಗಳ ಒಂದು ಹಳೆಯ ಸಾಲು ತೂಗುಹಾಕಿದ್ದರು. ಅದರಿಂದ ನೇಯ್ದ ಬಟ್ಟೆ ಉಳಿದಿಲ್ಲ, ಚಿತ್ರ ಯಾವುದೆಂದು ತಮಗೆ ತಿಳಿಯದು ಎಂದು ಆ ಮನೆ ನೋಡಿಕೊಳ್ಳುವ ಮುದುಕಿ ಹೇಳಿದಳು. ಜೊತೆಗೆ ಬಂದಿದ್ದ ದುಭಾಷಿ ಅದನ್ನು ಕನ್ನಡಕ್ಕೆ ತಂದ.

ತೂತು ಹೊಡೆಯುವವನ ಊರಲ್ಲಿ ಬೆಳಗಿನ ಕೆಲಸಕ್ಕೆ ಮೊದಲು ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಪದ್ಧತಿ. ಅವನು ಅಡ್ಡ ಕಟ್ಟಿದ ಹಗ್ಗ ದಾಟಿ ಹಾಗೆಯೇ ಮಾಡಿದ. ಕಾವಲುಗಾರ ಕೂಗಿಕೊಂಡ. ಅವನಿಗೆ ಕೇಳಿಸಲಿಲ್ಲ. ಬೆರಳು ಆಗಲೇ ತೂತುಗಳ ಮೇಲಿತ್ತು. ಮುದುಕಿ ಆ ಬೆರಳನ್ನೇ ನೋಡಿದಳು. ಕಾವಲುಗಾರನಿಗೆ ಸುಮ್ಮನಿರಲು ಹೇಳಿದಳು.

ಅವನು ಚೌಕುಳಿ ಹಾಳೆ ಕೇಳಿದ. ಒಂದು ಪಟ್ಟಿಗೆ ಒಂದು ಸಾಲು. ಹೆಂಡತಿ ತೂತು ನೋಡಿ ಹೇಳುತ್ತ ಹೋದಳು, ಅವನು ಹಾಳೆಯ ಚೌಕಗಳನ್ನು ತುಂಬುತ್ತ ಹೋದ. ಮೂರು ಗಂಟೆ ಹಿಡಿಯಿತು. ಹಾಳೆಯ ಮೇಲೆ ದಾಳಿಂಬೆಯ ಕೊಂಬೆ ಬಂತು, ಕೊಂಬೆಯ ಮೇಲೆ ಹಕ್ಕಿ ಬಂತು.

ಮುದುಕಿ ಕಣ್ಣೊರೆಸಿಕೊಂಡಳು. ಅವನು ಹುಬ್ಬು ಗಂಟಿಕ್ಕಿದ.

"ಈ ಪಟ್ಟಿ ಹೊಡೆದವನು ಒಂದು ತೂತು ಮರೆತಿದ್ದಾನೆ. ಹಕ್ಕಿಗೆ ಕಣ್ಣಿಲ್ಲ. ನಮ್ಮೂರಲ್ಲಾಗಿದ್ದರೆ ವಾಪಸ್ ಕಳಿಸುತ್ತಿದ್ದೆವು."

ದುಭಾಷಿ ಇದನ್ನು ಹೇಳಲು ಹಿಂದೆಮುಂದೆ ನೋಡಿದ. ಆಮೇಲೆ ಹೇಳಿದ. ಮುದುಕಿ ನಕ್ಕು, ಹಾಳೆಯ ಕೆಳಗೆ ಅವನ ರುಜು ಕೇಳಿದಳು. ಮೂವತ್ತು ವರ್ಷದಲ್ಲಿ ಅವನು ಯಾವ ಚಿತ್ರಕ್ಕೂ ರುಜು ಹಾಕಿರಲಿಲ್ಲ. ಕನ್ನಡದಲ್ಲಿ ಹಾಕಿದ, ಸ್ವಲ್ಪ ದೊಡ್ಡದಾಗಿಯೇ. ಆ ಹಾಳೆ ಈಗ ಪಟ್ಟಿಗಳ ಪಕ್ಕದಲ್ಲಿ ತೂಗುತ್ತಿದೆ.

ಗುರು ಕತೆ ನಿಲ್ಲಿಸಿದರು.

ಚನ್ನವೀರ ಪುಸ್ತಿಕೆಗಳನ್ನು ಕೆಳಗಿಟ್ಟ. "ಹಾಗಾದರೆ ನಾನೂ ಲಿಯೋನಿಗೇ ಹೋಗಲೇ?"

"ನಿನಗೆ ಯಾವ ಕೆಲಸ ಬರುತ್ತದೆ ಹೇಳು, ಸೀಮೆ ನಾನು ಹೇಳುತ್ತೇನೆ" ಎಂದರು ಗುರು.