ವೀಣೆಯ ಪೆಟ್ಟಿಗೆ

"ಗುರುಗಳೇ, ನಾನು ಮನೆ ಬಿಟ್ಟು ಬಂದೆ. ಮನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಅವ್ವ ನೆನಪಾದರೆ ಜಪ ನಿಂತುಹೋಗುತ್ತದೆ. ಯಾವ ಹಂಬಲವೂ ಒಳಗೆ ನುಸುಳದಂತೆ ಮನಸ್ಸನ್ನು ಮುಚ್ಚಿಡುವ ದಾರಿ ಇಲ್ಲವೆ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನಿಗೆ ಒಬ್ಬಳೇ ಮಗಳು. ಅವಳು ವೀಣೆ ನುಡಿಸುತ್ತಿದ್ದಳು. ಸಂಜೆ ಅವಳು ನುಡಿಸಲು ಕುಳಿತರೆ ಬಡಗಿ ಮೈಮೇಲಿನ ಮರದ ಹೊಟ್ಟನ್ನೂ ಕೊಡವದೆ ಬಾಗಿಲ ಬಳಿ ಕುಳಿತು ಕೇಳುತ್ತಿದ್ದ.

ಮಗಳನ್ನು ಆಚೆ ದಂಡೆಯ ವರ್ತಕನೊಬ್ಬನಿಗೆ ಕೊಟ್ಟರು. ಹೊಳೆ ದಾಟಲು ಇದ್ದದ್ದು ಹರಿಗೋಲು. ತೇವ ತಗುಲಿದರೆ ವೀಣೆಯ ಬೆಸುಗೆ ಬಿಡುತ್ತದೆ, ನಾದ ಮಂಕಾಗುತ್ತದೆ. ಅದಕ್ಕಾಗಿ ಬಡಗಿ ಹಲಸಿನ ಹಲಗೆಯಿಂದ ಒಂದು ಪೆಟ್ಟಿಗೆ ಮಾಡಿದ. ಸಂದುಗಳಿಗೆ ರಾಳ ತುಂಬಿದ. ಮುಚ್ಚಳದ ಅಂಚಿಗೆ ಮೇಣ ಸವರಿದ ತೊಗಲು ಹೊಡೆದ. ಒಳಗೆ ಉಪ್ಪು ಇಟ್ಟು, ಕಲ್ಲು ಕಟ್ಟಿ, ಹೊಳೆಯಲ್ಲಿ ಮುಳುಗಿಸಿದ. ಮರುದಿನ ತೆಗೆದು ನೋಡಿದರೆ ಉಪ್ಪು ಒಣಗಿಯೇ ಇತ್ತು. ಆಮೇಲೆಯೇ ಅದರಲ್ಲಿ ವೀಣೆಯನ್ನು ಮಲಗಿಸಿ ಮಗಳನ್ನು ಕಳುಹಿಸಿಕೊಟ್ಟ.

ಗಂಡ ಒಳ್ಳೆಯವನು. ಆದರೆ ವ್ಯಾಪಾರಕ್ಕೆಂದು ಊರೂರು ತಿರುಗುವವನು. ಮಳೆಗಾಲದಲ್ಲಿ ಹರಿಗೋಲು ನಿಂತರೆ ತವರಿನ ಸುದ್ದಿಯೂ ಇಲ್ಲ. ಅವಳು ಹೊಳೆಯ ಕಡೆ ಮುಖ ಮಾಡಿ ನುಡಿಸುತ್ತಿದ್ದಳು. ಈಚೆ ದಂಡೆಯಲ್ಲಿ ಬಡಗಿ ಬಂದು ನಿಲ್ಲುತ್ತಿದ್ದ. ನೀರಿನ ಸದ್ದಲ್ಲದೆ ಬೇರೇನೂ ಕೇಳುತ್ತಿರಲಿಲ್ಲ. ಆದರೂ ಕತ್ತಲಾಗುವವರೆಗೆ ನಿಂತಿದ್ದು ಮನೆಗೆ ಹೋಗುತ್ತಿದ್ದ.

ಒಂದು ಮಳೆಗಾಲ ಹೊಳೆ ಊರಿಗೇ ನುಗ್ಗಿತು. ಗಂಡ ಪರವೂರಿನಲ್ಲಿದ್ದ. ಅವಳ ಮಡಿಲಲ್ಲಿ ಹಸುಗೂಸು. ನೀರು ನಡುಮನೆಗೆ ಬಂತು, ಗೋಡೆ ಬಿರಿಯಿತು. ಅವಳು ಪೆಟ್ಟಿಗೆ ತೆರೆದು ವೀಣೆಯನ್ನು ಹೊರಗೆತ್ತಿ ಕಣ್ಣಿಗೊತ್ತಿಕೊಂಡಳು. ಅದನ್ನು ನೀರಿಗೆ ಬಿಟ್ಟು, ಅದಿದ್ದ ಜಾಗದಲ್ಲಿ ಕೂಸನ್ನು ಮಲಗಿಸಿದಳು.

ಮುಚ್ಚಳ ತೆರೆದಿಟ್ಟರೆ ಅಲೆ ನುಗ್ಗುತ್ತದೆ, ಮುಚ್ಚಿದರೆ ಕೂಸಿಗೆ ಉಸಿರಿಲ್ಲ. ಅವಳು ಬಲಗೈಯ ಬೆರಳುಗಳನ್ನು ಸಂದಿನಲ್ಲಿಟ್ಟು ಮುಚ್ಚಳ ಇಳಿಸಿದಳು. ಎಡಗೈಯಿಂದ ಪೆಟ್ಟಿಗೆಯನ್ನು ತಬ್ಬಿಕೊಂಡು ಪ್ರವಾಹಕ್ಕೆ ಬಿದ್ದಳು.

ಬಹಳ ದೂರ ತೇಲಿಹೋದ ಮೇಲೆ ಈಚೆ ದಂಡೆಯ ಬೆಸ್ತರು ಅವರನ್ನು ಎಳೆದುಕೊಂಡರು. ಸುದ್ದಿ ತಿಳಿದು ಬಡಗಿ ಓಡಿಬಂದ. ಕೂಸು ತೊಯ್ದು ತೊಪ್ಪೆಯಾಗಿತ್ತು, ಅತ್ತು ಅತ್ತು ಗಂಟಲು ಕಟ್ಟಿತ್ತು, ಆದರೆ ಬದುಕಿತ್ತು. ಅಲೆ ಬಡಿದಾಗಲೆಲ್ಲ ಮುಚ್ಚಳವೂ ಬಡಿದು ತಾಯಿಯ ಬೆರಳುಗಳು ಜಜ್ಜಿಹೋಗಿದ್ದವು. ತಾನು ಮಾಡಿದ ಮುಚ್ಚಳವೇ ಮಗಳ ಕೈ ಕಳೆಯಿತೆಂದು ಬಡಗಿ ಅತ್ತ.

ಮಗಳು ಹೇಳಿದಳು: "ಪೆಟ್ಟಿಗೆಯಲ್ಲಿ ಕುಂದಿಲ್ಲ, ಅಪ್ಪಾ. ಮುಚ್ಚಿದ್ದರೆ ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ. ಉಸಿರೂ ಬರುತ್ತಿರಲಿಲ್ಲ."

ಗಾಯ ಮಾಯಿತು, ಬೆರಳುಗಳನ್ನು ಮಾತ್ರ ಮತ್ತೆ ಮಡಚಲಾಗಲಿಲ್ಲ. ಗಂಡ ಹುಡುಕಿಕೊಂಡು ಬಂದ, ಈಚೆ ದಂಡೆಯಲ್ಲೇ ಎತ್ತರದ ನೆಲದಲ್ಲಿ ಹೊಸ ಮನೆ ಕಟ್ಟಿಸಿದ. ಬಡಗಿ ಇನ್ನೊಂದು ವೀಣೆ ತಂದುಕೊಟ್ಟ. ಸಂಜೆಯಾದರೆ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯನ್ನು ತಂತಿಯಡಿಯ ಮೆಟ್ಟಿಲುಗಳ ಮೇಲೆ ಆಡಿಸುತ್ತಿದ್ದಳು. ಮೀಟುವ ಕೈಯಿಲ್ಲದೆ ಸ್ವರ ಹುಟ್ಟುತ್ತಿರಲಿಲ್ಲ. ಬಡಗಿ ಮೊದಲಿನಂತೆ ಬಾಗಿಲ ಬಳಿ ಕುಳಿತಿರುತ್ತಿದ್ದ.

ಕೂಸು ಬೆಳೆದು ಹುಡುಗಿಯಾಯಿತು. ಒಂದು ಸಂಜೆ ತಾಯಿಯ ಪಕ್ಕಕ್ಕೆ ಬಂದು, ಅವಳ ಎಡಗೈ ಸ್ವರದ ಮೇಲೆ ನಿಂತ ಹೊತ್ತಿಗೆ ತಂತಿಯನ್ನು ಮೀಟಿದಳು. ಅಂದಿನಿಂದ ತಾಯಿ ಒತ್ತುತ್ತಿದ್ದಳು, ಮಗಳು ಮೀಟುತ್ತಿದ್ದಳು. ಹಾಗೆಯೇ ಆ ಹುಡುಗಿ ವಿದ್ಯೆ ಕಲಿತಳು. ಈಗ ಆ ತಾಯಿಯೂ ಇಲ್ಲ, ಬಡಗಿಯೂ ಇಲ್ಲ.

ಗುರುಗಳು ನಿಲ್ಲಿಸಿದರು. ಮರುಳಯ್ಯ ತಡೆದು ತಡೆದು ಕೇಳಿದ: "ಕೊನೆಗಾಲಕ್ಕಾದರೂ ಆ ತಾಯಿಯ ನುಡಿಸುವ ಹಂಬಲ ತೀರಿತೆ, ಗುರುಗಳೇ?"

"ತೀರಲಿಲ್ಲ, ಮರುಳಯ್ಯ. ಮಗಳು ಇವತ್ತಿಗೂ ನುಡಿಸುತ್ತಿರುವುದು ಆ ಹಂಬಲವನ್ನೇ."