ದಿಗಂತಾಚಾರ್ಯನ ಅಮೆರಿಕ

ಕೇಳಿ ಮಕ್ಕಳೇ. ಕಡಲು ಎಲ್ಲಿ ಮುಗಿಯುತ್ತದೋ, ಬಸಳೆ ಚಪ್ಪರ ಎಲ್ಲಿ ಶುರುವಾಗುತ್ತದೋ, ಅಲ್ಲೊಂದು ರಾಜ್ಯವಿತ್ತು. ತೊರೆನಾಡು ಅಂತ ಅದರ ಹೆಸರು. ಅದನ್ನು ಆಳುತ್ತಿದ್ದವನು ಉದ್ದಂಡಪ್ಪನಾಯಕ. ಹೆಸರು ಕೇಳಿದರೆ ಎದೆ ಝಲ್ಲೆನ್ನಬೇಕು, ಆದರೆ ಮನುಷ್ಯ ಬಲು ಮೆತ್ತಗೆ. ಯಾರು ಕೊನೆಗೆ ಮಾತಾಡಿದರೋ ಅವರು ಹೇಳಿದ್ದೇ ಸರಿ ಅನ್ನುವ ಸ್ವಭಾವ.

ಅವನ ಆಸ್ಥಾನದಲ್ಲಿ ದಿಗಂತಾಚಾರ್ಯ ಅಂತ ಒಬ್ಬ ಪಂಡಿತ. ಹೊರದೇಶದವರು ಎಂಥವರು ಅಂತ ರಾಜನಿಗೆ ಹೇಳುವುದೇ ಅವನ ಕೆಲಸ. ಯಾವ ದೇಶದವರು ಹೇಗೆ ಸೀನುತ್ತಾರೆ ಅಂತ ಕೇಳಿದರೂ ಹೇಳುತ್ತಿದ್ದ. ಆದರೆ ಆಚಾರ್ಯ ರಾಜ್ಯದ ಗಡಿ ದಾಟಿದವನಲ್ಲ. ದೋಣಿ ಹತ್ತಿದರೆ ವಾಂತಿ, ಗಾಡಿ ಹತ್ತಿದರೆ ಸೊಂಟನೋವು. "ನೋಡದೆ ಹೇಗೆ ಹೇಳ್ತೀರಿ ಆಚಾರ್ಯರೇ?" ಅಂತ ರಾಣಿ ಮುದ್ದವ್ವೆ ಒಮ್ಮೆ ಕೇಳಿದಳು.

"ತಾಯೀ, ಒಳಗಿದ್ದವನಿಗೆ ಅವನ ಮನೆ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ದೂರ ನಿಂತವನಿಗೇ ದೇಶ ಪೂರ್ತಿ ಕಾಣುವುದು," ಅಂದ ಆಚಾರ್ಯ. ಕೊನೆಗೆ ಮಾತಾಡಿದವನು ಅವನೇ. ರಾಜ ತಲೆಯಾಡಿಸಿದ.

ಆಚಾರ್ಯನಿಗೆ ಬಲು ಇಷ್ಟವಾದ ವಿಷಯ ಅಮೆರಿಕ. ಅಮೆರಿಕದವರದು ಮೂರು ಲಕ್ಷಣ ಅನ್ನುತ್ತಿದ್ದ. ಒಂದು, ಅವರು ನಮಸ್ಕಾರ ಹೇಳಿದರೆ ಗೋಪುರದ ಪಾರಿವಾಳ ಹಾರಬೇಕು. ಎರಡು, ಉಣ್ಣಲು ಕೂತರೆ ಕೊಪ್ಪರಿಗೆಯ ತಳ ಕಾಣಬೇಕು. ಮೂರು, ತಮ್ಮ ದೇಶ ಬಿಟ್ಟು ಬೇರೆ ದೇಶ ಇದೆ ಅನ್ನುವುದೇ ಅವರಿಗೆ ಗೊತ್ತಿರಬಾರದು.

ಹೀಗಿರುವಾಗ ಮೆಣಸು ಕೊಳ್ಳಲು ಬಂದ ಹಡಗಿನಿಂದ ಅಮೆರಿಕದವನೇ ಒಬ್ಬ ಇಳಿದ. ಹೆಸರು ಅಮೋಸ್. ಸೇಬಿನ ತೋಟಗಳ ನಡುವಿನ ಒಂದು ಸಣ್ಣ ಊರಿನವನು. ಆ ಊರಲ್ಲಿ ಎದುರು ಸಿಕ್ಕವರು ಟೋಪಿ ಮುಟ್ಟಿಕೊಂಡರೆ ಅದೇ ಒಂದು ಭಾಷಣ. ಹಡಗಿನಲ್ಲಿ ಕಲಿತ ಹರಕು ಕನ್ನಡದಲ್ಲಿ ಅಮೋಸ್ ಮೆಲ್ಲಗೆ ನಮಸ್ಕಾರ ಹೇಳುವುದಕ್ಕೆ ಬಾಯಿ ತೆರೆದ. ಆಚಾರ್ಯ ಓಡಿಬಂದು ಅವನ ಕಿವಿಯಲ್ಲಿ ಹೇಳಿದ: "ಕೂಗು! ಇಲ್ಲದಿದ್ದರೆ ನೀನು ದೇಶಗಳ್ಳ. ದೇಶಗಳ್ಳನಿಗೆ ಇಲ್ಲಿ ತೂತು ದೋಣಿ."

ಬೇರೆ ದೇಶದವನಂತೆ ನಟಿಸಿದವನನ್ನು ತೂತು ದೋಣಿಯಲ್ಲಿ ಕೂರಿಸಿ, ಹುಟ್ಟು ಕೊಡದೆ ಕಡಲಿಗೆ ತಳ್ಳುವುದು ತೊರೆನಾಡಿನ ಕಾನೂನು. ಅಮೋಸ್ ಪ್ರಾಣಭಯದಿಂದ ಕೂಗಿದ. ಪಾರಿವಾಳ ಹಾರಿದವು. ಆಚಾರ್ಯನಿಗೆ ಶಾಲು ಹೊದಿಸಿದರು. ಹಡಗು ಮೆಣಸು ತುಂಬಿಕೊಂಡು ಹೋಯಿತು. ಅಮೋಸನನ್ನು ಮಾತ್ರ ಅಮೆರಿಕದ ಮಾದರಿಯಾಗಿ ಅರಮನೆಯಲ್ಲೇ ಉಳಿಸಿಕೊಂಡರು. ದಿನಾ ಬೆಳಗ್ಗೆ ಕೂಗಬೇಕು, ಮಧ್ಯಾಹ್ನ ಕೊಪ್ಪರಿಗೆ ಖಾಲಿ ಮಾಡಬೇಕು, ಸಂಜೆ "ಇದು ಯಾವ ದೇಶ?" ಅಂತ ಕೇಳಿದರೆ ಬಾಯಿ ಕಳೆದು ನಿಲ್ಲಬೇಕು.

ತಮ್ಮ ವಾಪಸು ಬರಲಿಲ್ಲ ಅಂತ ಅವನ ಅಕ್ಕ ಹ್ಯಾರಿಯೆಟ್ ಮುಂದಿನ ಹಡಗು ಹತ್ತಿದಳು. ಒಣಕಲು ಹೆಂಗಸು, ಉದ್ದ ಕತ್ತು, ಮಾತು ಬಹಳ ಕಡಿಮೆ. ದಾರಿಯುದ್ದಕ್ಕೂ ನಮ್ಮ ಕಡೆಯ ಖಲಾಸಿಗಳ ಹತ್ತಿರ ಕನ್ನಡ ಕಲಿತಳು. ಕಲಿಸಿದವರು ಖಲಾಸಿಗಳು ನೋಡಿ, ಬಹುವಚನ ಅನ್ನುವುದೊಂದು ಇದೆ ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಅರಮನೆಗೆ ಬಂದವಳೇ ರಾಜನ ಮುಂದೆ ನಿಂತಳು. "ಏ ತಮ್ಮಾ," ಅಂದಳು ಮೆಲ್ಲಗೆ, "ನನ್ನ ತಮ್ಮನ್ನ ಕರಕೊಂಡು ಹೋಗೋಕೆ ಬಂದೆ ಮಾರಾಯ."

ಸಭೆ ಬೆಚ್ಚಿತು. ರಾಜನಿಗೆ ಒಳಗೊಳಗೇ ಖುಷಿಯಾಯಿತು. ಅವನನ್ನು ಯಾರೂ ತಮ್ಮಾ ಅಂದು ಎಷ್ಟೋ ಕಾಲವಾಗಿತ್ತು.

ಆಚಾರ್ಯ ಮಾತ್ರ ಗೋಪುರದ ಕಡೆ ನೋಡಿದ. ಒಂದು ಪಾರಿವಾಳವೂ ಹಾರಿರಲಿಲ್ಲ. "ಪ್ರಭು, ಈ ಹೆಂಗಸಿನ ಮೇಲೆ ಅನುಮಾನ. ಪರೀಕ್ಷೆಯಾಗಲಿ."

ಮೊದಲನೆಯ ಪರೀಕ್ಷೆ. "ನಮಸ್ಕಾರ ಹೇಳು," ಅಂದ ಆಚಾರ್ಯ. ಹ್ಯಾರಿಯೆಟ್ ಕೈಮುಗಿದು "ನಮಸ್ಕಾರ" ಅಂದಳು. ಪಾರಿವಾಳ ಹಾರುವುದಿರಲಿ, ಒಂದು ಇಳಿದು ಬಂದು ಅವಳ ಕಾಲ ಬುಡದಲ್ಲೇ ಕೂತಿತು.

ಎರಡನೆಯ ಪರೀಕ್ಷೆ. ಕೊಪ್ಪರಿಗೆ ತುಂಬ ಕಡುಬು ತಂದಿಟ್ಟರು. ಹ್ಯಾರಿಯೆಟ್ ಎರಡು ತಿಂದಳು. ಮೂರನೆಯದನ್ನು ಅರ್ಧ ಮಾಡಿ, "ಸಾಕು ಮಾರಾಯ, ಹಡಗಿನಲ್ಲಿ ಹೊಟ್ಟೆ ಕೆಟ್ಟಿದೆ," ಅಂದಳು.

ಮೂರನೆಯ ಪರೀಕ್ಷೆ. "ತೊರೆನಾಡು ಅನ್ನುವ ರಾಜ್ಯ ಎಲ್ಲಿದೆ?"

ಹ್ಯಾರಿಯೆಟ್ ತನ್ನ ಕಾಲಡಿ ತೋರಿಸಿದಳು. "ಇಲ್ಲೇ ಇದೆಯಲ್ಲ. ನಾನು ನಿಂತಿರೋದು ಮತ್ತೆಲ್ಲಿ?"

"ತಪ್ಪು!" ಆಚಾರ್ಯ ಎದ್ದು ಕುಣಿದುಬಿಟ್ಟ. "ಸರಿಯಾಗಿ ಹೇಳಿದ್ದೇ ತಪ್ಪು! ಅಮೆರಿಕದವಳಾಗಿದ್ದರೆ ಗೊತ್ತಿರುತ್ತಲೇ ಇರಲಿಲ್ಲ. ಪ್ರಭು, ಇವಳು ದೇಶಗಳ್ಳಿ!"

"ನಾನು ಅಲ್ಲೇ ಹುಟ್ಟಿದವಳಪ್ಪ," ಅಂದಳು ಹ್ಯಾರಿಯೆಟ್.

"ಹುಟ್ಟಿದರೆ ಸಾಲದು. ಲಕ್ಷಣ ಬೇಕು."

ಕೊನೆಗೆ ಮಾತಾಡಿದವನು ಮತ್ತೆ ಆಚಾರ್ಯನೇ. ರಾಜ ಪಾಪ ತಲೆ ಕೆರೆದುಕೊಂಡು ಅಪ್ಪಣೆ ಕೊಟ್ಟ: ನಾಳೆ ಮಧ್ಯಾಹ್ನ ಕಡಲು ಇಳಿಯುವ ಹೊತ್ತಿಗೆ ತೂತು ದೋಣಿ. ಅಷ್ಟರೊಳಗೆ ಅವಳು ಅಮೆರಿಕದವಳಾದರೆ ಬಿಡುಗಡೆ. ಕಲಿಸುವುದಕ್ಕೆ ಅಮೋಸ್.

ಅಮೋಸ್ ಬಂದ. ಹ್ಯಾರಿಯೆಟ್‌ಗೆ ಗುರುತೇ ಸಿಗಲಿಲ್ಲ. ಹೊಟ್ಟೆ ಗುಡಾಣದ ಹಾಗೆ ಊದಿತ್ತು, ಕಣ್ಣು ಒಳಗೆ ಹೋಗಿದ್ದವು. ಕಾವಲುಗಾರನ ಎದುರಿಗೆ "ಹೇ ಅಕ್ಕಾ!" ಅಂತ ಚಾವಣಿ ನಡುಗುವಂತೆ ಕಿರುಚಿದ. ಕಾವಲುಗಾರ ಕಿವಿ ಮುಚ್ಚಿಕೊಂಡು ಆಚೆ ಹೋದ ಮೇಲೆ ಗೋಡೆಗೊರಗಿ ಕೂತುಬಿಟ್ಟ.

"ಕೂಗಿಬಿಡು ಅಕ್ಕಾ. ಮೊದಲು ಕಷ್ಟವಾಗುತ್ತೆ, ಆಮೇಲೆ ಅಭ್ಯಾಸವಾಗುತ್ತೆ," ಅಂದ. ಗಂಟಲು ಒಡೆದುಹೋಗಿತ್ತು. "ಈಗೀಗ ಒಬ್ಬನೇ ಇರುವಾಗಲೂ ಕೂಗ್ತೀನಿ. ಮುಂಚೆ ಹೇಗೆ ಮಾತಾಡ್ತಿದ್ದೆ ಅಂತ ನನಗೇ ಮರೆತುಹೋಗಿದೆ."

ಹ್ಯಾರಿಯೆಟ್ ಅವನ ತಲೆ ಸವರಿದಳು.  ತೂತು ದೋಣಿಗೆ ಅವಳು ಹೆದರಿರಲಿಲ್ಲ. ತಮ್ಮನ ದನಿ ಕಳೆದುಹೋದದ್ದು ಕೇಳಿ ಹೆದರಿದಳು. ಒಂದು ಸಲ ಕೂಗಿದರೆ ಪ್ರಾಣ ಉಳಿಯುತ್ತದೆ, ನಿಜ. ಆದರೆ ಆಮೇಲೆ ಇಬ್ಬರೂ ಇಲ್ಲಿ ಕೂಗುತ್ತಲೇ ಸಾಯಬೇಕು. ಆಚಾರ್ಯ ಏನೇನು ಹೇಳುತ್ತಾನೆ ಅಂತ ಅಮೋಸನಿಂದ ಒಂದೊಂದಾಗಿ ಕೇಳಿಕೊಂಡು ಬಹಳ ಹೊತ್ತು ಯೋಚಿಸಿದಳು.

ಮರುದಿನ ಸಭೆ ಸೇರಿತು. ತೂತು ದೋಣಿಯನ್ನು ಅಂಗಳಕ್ಕೇ ತಂದಿಟ್ಟಿದ್ದರು. ಆಚಾರ್ಯ ಹೊಸ ಶಾಲು ಹೊದ್ದು ಬಂದಿದ್ದ.

"ತಮ್ಮಾ," ಅಂದಳು ಹ್ಯಾರಿಯೆಟ್ ರಾಜನಿಗೆ, "ದೋಣಿ ಹತ್ತೋ ಮುಂಚೆ ಒಂದು ಮಾತು. ನಿನ್ನ ರಾಜ್ಯದ ಕಾನೂನು ಎಲ್ಲರಿಗೂ ಒಂದೇ ತಾನೆ?"

"ಎಲ್ಲರಿಗೂ ಒಂದೇ."

"ದೂರ ನಿಂತವನಿಗೇ ದೇಶ ಪೂರ್ತಿ ಕಾಣೋದು ಅಂತ ಈ ಪಂಡಿತ ಹೇಳ್ತಾನಂತೆ. ಹೌದೇನಯ್ಯಾ?"

"ಹೌದು, ಹೌದು, ಸತ್ಯ ವಚನ," ಅಂದ ಆಚಾರ್ಯ ಶಾಲು ಸರಿಮಾಡಿಕೊಳ್ಳುತ್ತ.

"ನಮ್ಮೂರಲ್ಲೂ ಹೀಗೇ ಒಬ್ಬ ಇದ್ದಾನೆ. ಬೇಲಿ ದಾಟಿದವನಲ್ಲ. ದಿನಾ ಅಂಗಡಿ ಕಟ್ಟೆ ಮೇಲೆ ಕೂತು ನಿಮ್ಮ ತೊರೆನಾಡಿನ ವಿಷಯ ಹೇಳ್ತಾನೆ. ನಿಮ್ಮವರದೂ ಮೂರು ಲಕ್ಷಣವಂತೆ. ಒಂದು, ಹುಟ್ಟಿದಾಗಿಂದ ಆನೆ ಮೇಲೇ ಓಡಾಟ. ಎರಡು, ಹಾಡಿದರೆ ಹಾವು ಎದ್ದು ಕುಣಿಯಬೇಕು. ಮೂರು, ಕಣ್ಣು ಮುಚ್ಚಿ ಕೂತರೆ ನೆಲ ಬಿಟ್ಟು ಒಂದು ಗೇಣು ಮೇಲೆ ಏಳಬೇಕು. ಅವನು ನಿಮ್ಮಿಂದ ಎಷ್ಟು ದೂರ ಇದ್ದಾನೆ ನೋಡು! ಅವನಿಗಿಂತ ಚೆನ್ನಾಗಿ ನಿಮ್ಮನ್ನ ಬಲ್ಲವರು ಯಾರು? ಈ ಪಂಡಿತ ತೊರೆನಾಡಿನವನೇ ಹೌದೋ ಅಲ್ಲವೋ, ಅದೂ ಒಂದು ಪರೀಕ್ಷೆ ಆಗಲಿ."

ಆಚಾರ್ಯನ ಶಾಲು ಜಾರಿತು. ರಾಜನಿಗೆ ಮಾತು ಬಲು ಸರಿಯಾಗಿ ಕಂಡಿತು, ಯಾಕೆಂದರೆ ಕೊನೆಗೆ ಮಾತಾಡಿದವಳು ಹ್ಯಾರಿಯೆಟ್. "ಆನೆ ತನ್ನಿ!" ಅಂದ.

ಆನೆ ಬಂತು. ಆಚಾರ್ಯನನ್ನು ನಾಲ್ವರು ಎತ್ತಿ ಕೂರಿಸಿದರು. ಗಡಿಬಿಡಿಯಲ್ಲಿ ಬಾಲದ ಕಡೆ ಮುಖಮಾಡಿ ಕೂತ. "ಹೋಗು" ಅಂದರೆ ಆನೆ ಹೋಗಲಿಲ್ಲ, "ನಿಲ್ಲು" ಅಂದರೆ ನಿಲ್ಲಲಿಲ್ಲ. ತೂಗಾಡುತ್ತ ಕೊಳಕ್ಕೆ ಇಳಿದು ಪಕ್ಕಕ್ಕೆ ಮಲಗಿತು. ಆಚಾರ್ಯ ತಾವರೆ ಎಲೆ ತಲೆಗೆ ಹೊತ್ತುಕೊಂಡು ಎದ್ದುಬಂದ.

"ಹಾವು ತನ್ನಿ!"

ಬುಟ್ಟಿ ಬಂತು. ಒಳಗಿದ್ದದ್ದು ಒಂದು ಬಡಪಾಯಿ ಕೇರೆಹಾವು. ಆಚಾರ್ಯ ಕಂಬ ಹತ್ತಿ, ಕಂಬದ ಮೇಲಿಂದಲೇ ಹಾಡಿದ. ಹಾವು ತಲೆಯೆತ್ತಿ ಒಂದು ಸಲ ನೋಡಿತು. ಮತ್ತೆ ಬುಟ್ಟಿಯೊಳಗೆ ಇನ್ನೂ ಆಳಕ್ಕೆ ಹೋಗಿ ಸುರುಳಿ ಸುತ್ತಿಕೊಂಡಿತು.

"ಈಗ ನೆಲ ಬಿಟ್ಟು ಏಳಿ ಆಚಾರ್ಯರೇ!"

ಆಚಾರ್ಯ ಪದ್ಮಾಸನ ಹಾಕಿದ. ಕಣ್ಣು ಮುಚ್ಚಿದ. ಉಸಿರು ಬಿಗಿಹಿಡಿದ. ಮುಖ ಕೆಂಪಾಯಿತು, ಬದನೆಕಾಯಿ ಬಣ್ಣಕ್ಕೆ ತಿರುಗಿತು. ಸಭೆಯೆಲ್ಲ ನೆಲಕ್ಕೆ ಬಗ್ಗಿ ಅವನ ಕೆಳಗೆ ಸಂದು ಕಾಣುತ್ತದೇನೋ ಅಂತ ನೋಡಿತು. ಗಾಳಿಗೆ ಅವನ ಜುಟ್ಟು ಮಾತ್ರ ಮೇಲೆದ್ದಿತು.

"ಜುಟ್ಟು ಲೆಕ್ಕಕ್ಕೆ ಬರುತ್ತಾ?" ಅಂತ ರಾಜ ಕೇಳಿದ.

"ಬರೋದಿಲ್ಲ ತಮ್ಮಾ," ಅಂದಳು ಹ್ಯಾರಿಯೆಟ್.

"ಹಾಗಾದರೆ ಆಚಾರ್ಯರೇ, ನೀವು ನಮ್ಮವರಲ್ಲ. ಇಷ್ಟು ವರ್ಷ ಮೋಸ ಮಾಡಿದಿರಿ! ದೋಣಿ ಹತ್ತಿ."

ಆಚಾರ್ಯ ದೊಪ್ಪನೆ ಬಿದ್ದ. "ಪ್ರಭು! ಆ ಗಾಣದ ಹಿಂದಿನ ಮನೆಯಲ್ಲೇ ನಮ್ಮಮ್ಮ ನನ್ನನ್ನು ಹೆತ್ತದ್ದು! ಆ ಅಂಗಡಿ ಕಟ್ಟೆಯವ ಸುಳ್ಳ! ನಮ್ಮ ದೇಶ ನೋಡದವನು, ನನ್ನ ಮುಖ ನೋಡದವನು, ನಾನು ಎಂಥವನು ಅಂತ ಹೇಗೆ ಹೇಳ್ತಾನೆ?"

ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. 

ಹ್ಯಾರಿಯೆಟ್ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಹೌದಪ್ಪ, ನೀನು ಇಲ್ಲಿಯವನೇ. ನಾನೂ ಅಲ್ಲಿಯವಳೇ. ಈಗ ನನ್ನ ತಮ್ಮನ್ನ ಬಿಡು."

ರಾಣಿ ಮುದ್ದವ್ವೆ ಗಂಡನ ಕಡೆ ಬಾಗಿ, "ನಿಮಗೂ ಆನೆ ಅಂದರೆ ಭಯ. ಈ ಕಾನೂನು ಹೀಗೇ ಇದ್ದರೆ ನಾಳೆ ನಿಮ್ಮನ್ನೂ ದೋಣಿಗೆ ಹತ್ತಿಸುತ್ತಾರೆ," ಅಂದಳು. ರಾಜ ಬೆವರಿದ. ಆ ಕ್ಷಣವೇ ಕಾನೂನು ಹೋಯಿತು, ದೋಣಿ ಒಲೆಗೆ ಸೌದೆಯಾಯಿತು.

ಅಮೋಸನನ್ನು ಕರೆತಂದು, "ಹೋಗಿ ಬಾ ಅಪ್ಪಾ," ಅಂದ ರಾಜ. ಅಮೋಸ್ ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ಸಭೆ ಉಸಿರು ಹಿಡಿದು ಕಿವಿಗೊಟ್ಟಿತು. ಇನ್ನೊಮ್ಮೆ ಹೇಳಿದ. "ಹೋಗಿ ಬರ್ತೀನಿ." ಎಷ್ಟು ಮೆತ್ತಗಿನ ದನಿ ಅಂದರೆ, ಹಾಲು ಕಾಯುವಾಗ ಅಂಚಿನಲ್ಲಿ ಬರುತ್ತದಲ್ಲ, ಅಂಥ ಸದ್ದು. ಹ್ಯಾರಿಯೆಟ್ ಸೆರಗಿಲ್ಲದವಳು, ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಇಬ್ಬರೂ ಹಡಗು ಹತ್ತಿದರು.

ಆಚಾರ್ಯನಿಗೆ ರಾಜ ಬೇರೆ ಶಿಕ್ಷೆ ಕೊಡಲಿಲ್ಲ. "ಪಕ್ಕದ ರಾಜ್ಯಕ್ಕೆ ನಡೆದು ಹೋಗಿ. ನೋಡಿ ಬಂದ ಮೇಲೆ ಬಾಯಿ ತೆರೆಯಿರಿ," ಅಂದ. ಆಚಾರ್ಯ ಸೊಂಟ ಹಿಡಿದುಕೊಂಡು ಹೊರಟ. ಬಹಳ ದಿನ ಕಳೆದು, ಬಿಸಿಲಿಗೆ ಕಪ್ಪಾಗಿ, ಕಾಲಿಗೆ ಬೊಬ್ಬೆ ಬಂದು ವಾಪಸಾದ.

"ಹೇಳಿ ಆಚಾರ್ಯರೇ, ಆ ದೇಶದವರು ಎಂಥವರು?" ಸಭೆಯೆಲ್ಲ ಮುಂದೆ ಬಾಗಿತು.

ಆಚಾರ್ಯ ಬೊಬ್ಬೆ ಬಂದ ಕಾಲು ಚಾಚಿ ಕೂತ. "ಗಡಿಯ ಆಚೆ ಮೊದಲ ಮನೆಯಲ್ಲಿ ಸಣ್ಣೀರಮ್ಮ ಅಂತ ಒಬ್ಬ ಮುದುಕಿ ಇದ್ದಾಳೆ ಪ್ರಭು. ನನ್ನ ಕಾಲಿಗೆ ಎಣ್ಣೆ ಹಚ್ಚಿದಳು. ಅವಳಿಗೆ ಮಂಡಿನೋವು. ಬೆಕ್ಕು ಕಂಡರೆ ಆಗುವುದಿಲ್ಲ. ಸೊಸೆಯನ್ನು ಬೈಯುತ್ತಾಳೆ, ಆದರೆ ಸೊಸೆ ಉಣ್ಣದೆ ತಾನು ಉಣ್ಣುವುದಿಲ್ಲ. ನಾನು ಅಲ್ಲೇ ಉಳಿದುಬಿಟ್ಟೆ."

"ಉಳಿದವರು?"

"ಉಳಿದವರ ವಿಷಯ ನನಗೆ ಗೊತ್ತಿಲ್ಲ ಪ್ರಭು."

ತೊರೆನಾಡಿನ ಆಸ್ಥಾನದಲ್ಲಿ ಪಂಡಿತನೊಬ್ಬ ಗೊತ್ತಿಲ್ಲ ಅಂದದ್ದು ಅದೇ ಮೊದಲು.

ಇದರ ನೀತಿ ಇಷ್ಟೇ ಮಕ್ಕಳೇ: ದೇಶದ ಹೆಸರು ಕೇಳಿದ ಮಾತ್ರಕ್ಕೆ ಮನುಷ್ಯ ಗೊತ್ತಾಗುವುದಿಲ್ಲ. ಎದುರಿಗೆ ಬಂದವರನ್ನು ಮೊದಲು ಕೂರಿಸಿ, ನೀರು ಕೊಟ್ಟು, ಹೆಸರು ಕೇಳಿ. ಅವರು ಎಂಥವರು ಅಂತ ಅವರೇ ಹೇಳುತ್ತಾರೆ.